ನಿರ್ಜನ ಕಡಲತೀರಕ್ಕೆ ಹೊರಡುವ ಮುನ್ನ

ಜನರಿಲ್ಲದ ಮರಳುದಂಡೆಗೆ ಹೋಗುವುದಾದರೆ, ವಾಪಸು ಹೊರಡುವ ಹೊತ್ತನ್ನು ಮೊದಲು ಗೊತ್ತುಮಾಡಿಕೊಳ್ಳಿ. ಬೇರೆಲ್ಲ ಲೆಕ್ಕವೂ ಅದರ ಮೇಲೆಯೇ ನಿಲ್ಲುತ್ತದೆ. ಇಂಥ ಎಷ್ಟೋ ದಂಡೆಗಳಿಗೆ ಕಡಲೊಳಗೆ ಚಾಚಿದ ಗುಡ್ಡದ ಬುಡ ಬಳಸಿಯೇ ಹೋಗಬೇಕು. ಆ ಬುಡ ಬರಿದಾಗುವುದು ನೀರು ಇಳಿದಾಗ ಮಾತ್ರ.

ಹೆಚ್ಚಿನ ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಇಳಿತದಿಂದ ಉಬ್ಬರಕ್ಕೆ ಸುಮಾರು 6 ಗಂಟೆ 12 ನಿಮಿಷ ಹಿಡಿಯುತ್ತದೆ. ಇಡೀ ಚಕ್ರ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುವುದರಿಂದ ಕಳೆದ ವಾರದ ಸಮಯ ಈ ವಾರಕ್ಕೆ ಹೊಂದುವುದಿಲ್ಲ. ಹೋಗುವ ದಿನದ ಉಬ್ಬರ-ಇಳಿತದ ಸಮಯಪಟ್ಟಿಯನ್ನೇ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಹೆಚ್ಚು, ಏರಿಕೆಯೂ ಹೆಚ್ಚು.

ಜನ ಎಡವುವುದು ಏರಿಕೆಯ ವೇಗದಲ್ಲಿ. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಬರುವುದು ಒಂದೇ ಪಾಲು, ಎರಡನೆಯದರಲ್ಲಿ ಎರಡು. ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು ಪಾಲು, ಅಂದರೆ ಅರ್ಧದಷ್ಟು ನೀರು ಈ ಎರಡೇ ಗಂಟೆಯಲ್ಲಿ ಒಳನುಗ್ಗುತ್ತದೆ. 'ಇನ್ನೂ ಸ್ವಲ್ಪ ಹೊತ್ತು ಕೂರೋಣ' ಎಂದುಕೊಂಡವರ ದಾರಿ ಮುಚ್ಚುವುದು ಹೀಗೆ. ಇಳಿತಕ್ಕೆ ಎರಡು ಗಂಟೆ ಮುಂಚೆ ದಾಟಿ, ಇಳಿತವಾಗಿ ಒಂದು ಗಂಟೆಯೊಳಗೆ ಮರಳಿ ದಾಟಿಬಿಡಿ. ಇಡೀ ದಿನ ಇರಬೇಕೆಂದಿದ್ದರೆ ಗುಡ್ಡದ ಮೇಲಿಂದ ಕಾಲುದಾರಿ ಇರುವ ದಂಡೆಯನ್ನೇ ಆರಿಸಿ. ಉಬ್ಬರದ ಜೊತೆ ಪಂದ್ಯ ಕಟ್ಟಬೇಡಿ.

ಒಣ ಮರಳಿನಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಸುಮಾರು ಎರಡು ಪಟ್ಟು ಶಕ್ತಿ ಬೇಕು. ಅಲೆ ತೊಯಿಸಿ ಹೋದ ಗಟ್ಟಿ ಮರಳಿನ ಅಂಚು ಹಿಡಿದು ನಡೆದರೆ ಕಾಲು ಉಳಿಯುತ್ತದೆ. ದಿನವಿಡೀ ಇರುವುದಾದರೆ ತಲೆಗೆ ಕನಿಷ್ಠ 3 ಲೀಟರ್ ನೀರು ಬೇಕು. ಅದೇ 3 ಕಿಲೋ ಹೊರೆ, ಆದ್ದರಿಂದ ಉಳಿದ ಸಾಮಾನಿನಲ್ಲಿ ಕೈ ಬಿಗಿಹಿಡಿಯಿರಿ. ಅರ್ಧ ನೀರು ಮುಗಿದ ಕೂಡಲೇ ಹೊರಡಿ.

ನೆರಳಿಗೆ ಕೊಡೆಗಿಂತ ಬಟ್ಟೆಯ ಚಪ್ಪರ ಒಳ್ಳೆಯದು. ಗೂಟ ಮರಳಿನಲ್ಲಿ ನಿಲ್ಲುವುದಿಲ್ಲ. ನಾಲ್ಕು ಚೀಲಗಳಿಗೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕೈಯಷ್ಟು ಆಳದಲ್ಲಿ ಹೂಳಿ. ಒಣಗಿದ ಪಾಚಿ, ಕಡ್ಡಿಗಳ ಸಾಲು ಹಿಂದಿನ ಉಬ್ಬರ ಎಲ್ಲಿಯವರೆಗೆ ಬಂದಿತ್ತೆಂದು ಹೇಳುತ್ತದೆ. ಆ ಸಾಲಿನಿಂದ ಸಾಕಷ್ಟು ಮೇಲೆ ಬೀಡುಬಿಡಿ, ಆದರೆ ಕಲ್ಲು ಉದುರುವ ಗುಡ್ಡದ ಅಡಿ ಬೇಡ.

ಮುಳುಗುವವರನ್ನು ಎಳೆಯಲು ಅಲ್ಲಿ ಯಾರೂ ಇರುವುದಿಲ್ಲ. ಹಾಗಾಗಿ ಸೊಂಟದ ಮಟ್ಟ ದಾಟಬೇಡಿ, ಒಬ್ಬರೇ ಇಳಿಯಲೇಬೇಡಿ. ನೀರಿಗಿಳಿಯುವ ಮುಂಚೆ ಹತ್ತು ನಿಮಿಷ ಎತ್ತರದಲ್ಲಿ ನಿಂತು ಅಲೆಗಳನ್ನು ನೋಡಿ. ಎರಡೂ ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಕಪ್ಪಾಗಿ ಕಂಡರೆ, ನೊರೆ ಕಡಲ ಕಡೆಗೆ ತೇಲುತ್ತಿದ್ದರೆ ಅದು ಸೆಳೆತ, ಅಂದರೆ ದಡದಿಂದ ಕಡಲೊಳಗೆ ಎಳೆದೊಯ್ಯುವ ನೀರಿನ ಹರಿವು. ಅಲೆಯಿಲ್ಲದ ಜಾಗವೆಂದು ಮಕ್ಕಳನ್ನು ಅಲ್ಲಿಗೇ ಇಳಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಸಿಕ್ಕಿಬಿದ್ದರೆ ದಡದ ಕಡೆ ಈಜಿ ಸುಸ್ತಾಗಬೇಡಿ. ಮೊದಲು ತೇಲಿ, ಬಳಿಕ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದ ಪಟ್ಟಿಯಿಂದ ಹೊರಬನ್ನಿ.

ಮಕ್ಕಳು ತೋಡುವ ಗುಂಡಿ ಮೊಣಕಾಲಿಗಿಂತ ಆಳ ಬೇಡ. ಅಂಚು ಕುಸಿದರೆ ಮರಳು ಕ್ಷಣದಲ್ಲಿ ಮುಚ್ಚಿಕೊಳ್ಳುತ್ತದೆ, ತೆಗೆದಷ್ಟೂ ಮತ್ತೆ ಜಾರುತ್ತದೆ. ಬೆಂಕಿಗೆ ಅನುಮತಿ ಇರುವಲ್ಲೂ ಕೆಂಡದ ಮೇಲೆ ಮರಳು ಎಳೆದು ಹೋಗಬೇಡಿ. ಮರಳಿನಡಿ ಶಾಖ ಗಂಟೆಗಟ್ಟಲೆ ಉಳಿದು, ಬರಿಗಾಲಲ್ಲಿ ಬಂದವರ ಪಾದ ಸುಡುತ್ತದೆ. ನೀರು ಸುರಿದು, ಕಲಕಿ, ಮತ್ತೆ ಸುರಿಯಿರಿ. ತಂದ ಕಸವೆಲ್ಲ ನಿಮ್ಮ ಚೀಲದಲ್ಲೇ ಹಿಂದಿರುಗಲಿ, ಹಣ್ಣಿನ ಸಿಪ್ಪೆಯೂ ಸೇರಿ.

ಮೊಬೈಲ್ ಸಿಗ್ನಲ್ ಇರುವುದಿಲ್ಲವೆಂದೇ ಇಟ್ಟುಕೊಳ್ಳಿ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಕೊರಳಿಗೆ ಸೀಟಿ ಇರಲಿ. ದಂಡೆಯ ಹೆಸರು, ಹೋಗುವ ದಾರಿ, ಹಿಂದಿರುಗುವ ಸಮಯವನ್ನು ಮನೆಯಲ್ಲಿರುವವರೊಬ್ಬರಿಗೆ ಬರೆದುಕೊಡಿ. ಎಷ್ಟು ಗಂಟೆಯ ತನಕ ಫೋನ್ ಬರದಿದ್ದರೆ ಸಹಾಯ ಕರೆಯಬೇಕೆಂಬುದನ್ನೂ ಅದರಲ್ಲೇ ಬರೆಯಿರಿ. ಸಿಗ್ನಲ್ ಸಿಕ್ಕ ಮೊದಲ ಜಾಗದಲ್ಲೇ ಅವರಿಗೆ ಫೋನ್ ಮಾಡಿ.