ಅಘನಾಶಿನಿ ಅಳಿವೆಯಲ್ಲಿ ಚಳಿಗಾಲದ ಹಕ್ಕಿ ನೋಡುವುದು ಹೇಗೆ?

ಕುಮಟಾ ಬಳಿಯ ಅಘನಾಶಿನಿ ಅಳಿವೆಗೆ ಬಂದು ನಾಲ್ಕು ಬೆಳ್ಳಕ್ಕಿ, ಒಂದು ಗರುಡ ನೋಡಿ ವಾಪಸಾಗುವವರು ಬಹಳ. ಹಕ್ಕಿ ಇಲ್ಲವೆಂದಲ್ಲ, ಹೊತ್ತು ತಪ್ಪಿರುತ್ತದೆ. ಕೆರೆಯಾದರೆ ಬೆಳಿಗ್ಗೆ ಬೇಗ ಎದ್ದರೆ ಸಾಕು. 2024ರಲ್ಲಿ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ ಈ ಅಳಿವೆಯಲ್ಲಿ ಭರತ–ಇಳಿತ ಹೇಳಿದಂತೆ ಕೇಳಬೇಕು.

ನವೆಂಬರ್‌ನಿಂದ ಫೆಬ್ರುವರಿಯೊಳಗೆ ಬನ್ನಿ. 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಗಾಜಿನ) ಬೈನಾಕ್ಯುಲರ್ ತನ್ನಿ. ಕೆಂಪಗೆ ಹೊಳೆಯುವ ಗಾಜಿನ, '30 ಪಟ್ಟು ಜೂಮ್' ಎಂದು ಮಾರುವ ಅಗ್ಗದ್ದನ್ನು ಕೊಳ್ಳಲೇಬೇಡಿ; ಚಿತ್ರ ಮಂಕು, ಕೈ ನಡುಗಿದರೆ ಏನೂ ಕಾಣದು. ಸ್ಪಾಟಿಂಗ್ ಸ್ಕೋಪ್ (ಮುಕ್ಕಾಲಿಯ ಮೇಲಿಟ್ಟು ನೋಡುವ ದೂರದರ್ಶಕ) ಇದ್ದರೆ 20–30 ಪಟ್ಟಿಗೇ ನಿಲ್ಲಿಸಿ. ಬಿಸಿಲೇರಿದ ಮೇಲೆ ಕೆಸರಿನಿಂದೇಳುವ ಝಳಕ್ಕೆ 60 ಪಟ್ಟಿನಲ್ಲಿ ಹಕ್ಕಿಯೇ ಕುಣಿದಂತೆ ಕಾಣುತ್ತದೆ.

ಇನ್ನು ನೀರಿನ ಲೆಕ್ಕ. ಪೂರ್ತಿ ಇಳಿತದಲ್ಲಿ ಕೆಸರಿನ ಬಯಲು ದೂರದವರೆಗೆ ತೆರೆದುಕೊಂಡು ಹಕ್ಕಿಗಳು ಚುಕ್ಕೆಗಳಾಗುತ್ತವೆ. ಪೂರ್ತಿ ಭರತದಲ್ಲಿ ಬಯಲೇ ಮುಳುಗಿ, ಅವು ಗಜನಿಯ (ಅಳಿವೆಯಂಚಿನ ಉಪ್ಪುನೀರಿನ ಗದ್ದೆ) ಒಡ್ಡುಗಳಿಗೋ ಮರಳಿನ ದಿಬ್ಬಕ್ಕೋ ಹೋಗಿ ಕೂರುತ್ತವೆ. ನಿಮಗೆ ಬೇಕಾದ್ದು ನಡುವಿನ ಹೊತ್ತು: ಭರತಕ್ಕೆ ಮೂರು ಗಂಟೆ ಮೊದಲು ಜಾಗ ಹಿಡಿದು ಕೂತರೆ, ಏರುವ ನೀರೇ ಮೇಯುವ ಹಕ್ಕಿಗಳನ್ನು ಅಡಿ ಅಡಿಯಾಗಿ ದಡದತ್ತ ತಳ್ಳಿಕೊಂಡು ಬರುತ್ತದೆ. ನೀವು ಅವುಗಳತ್ತ ನಡೆಯುವುದೇ ಬೇಡ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತ ಸಾಮಾನ್ಯವಾಗಿ ಮಧ್ಯಾಹ್ನದ ಹತ್ತಿರ ಬರುವುದರಿಂದ ಬೆಳಗಿನ ಹೊತ್ತೆಲ್ಲ ಏರುನೀರು. ಆ ದಿನಗಳನ್ನೇ ಆರಿಸಿ. ಅಷ್ಟಮಿಯ ಸುತ್ತ ನೀರು ಏರುವುದೇ ಕಡಿಮೆ, ಹಕ್ಕಿ ದೂರವೇ ಉಳಿಯುತ್ತದೆ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ನಿನ್ನೆಯ ಸಮಯ ನಂಬಬೇಡಿ. ಕಾರವಾರ ಬಂದರಿನ ಭರತದ ಪಟ್ಟಿ ನೋಡಿ, ಆದರೆ ಅಳಿವೆಯ ಒಳಭಾಗಕ್ಕೆ ನೀರು ಇನ್ನೂ ತಡವಾಗಿ ಮುಟ್ಟುತ್ತದೆಂಬುದು ನೆನಪಿರಲಿ. ಬಳಚು (ಕೆಸರಿನ ಚಿಪ್ಪುಜೀವಿ) ಹೆಕ್ಕುವವರನ್ನು ಕೇಳಿದರೆ ಆ ಜಾಗದ ಹೊತ್ತನ್ನೇ ಹೇಳುತ್ತಾರೆ.

ಬೆಳಗಿನ ಬಿಸಿಲು ಬೆನ್ನಿಗಿರುವಂತೆ ಕೂರಿ. ಎದುರು ಬೆಳಕಿನಲ್ಲಿ ಕಾಲಿನ ಬಣ್ಣ ತಿಳಿಯದು, ಅದು ತಿಳಿಯದಿದ್ದರೆ ಗೊರವಗಳ (ಕೆಸರು ಕುಕ್ಕಿ ಮೇಯುವ ದಡದ ಹಕ್ಕಿಗಳು) ಗುರುತು ಅರ್ಧ ಹೋದಂತೆ. ಕೆಸರಿಗಂತೂ ಇಳಿಯಬೇಡಿ, ಮೊಣಕಾಲವರೆಗೆ ಹೂತುಕೊಳ್ಳುತ್ತದೆ, ನೀರು ಹಿಂದಿನಿಂದಲೂ ಸುತ್ತುವರಿಯುತ್ತದೆ. ಮೇಯುತ್ತಿದ್ದ ಗುಂಪು ಒಮ್ಮೆಲೇ ಕತ್ತೆತ್ತಿ ನಿಂತರೆ ನೀವು ಹತ್ತಿರವಾದಿರಿ ಎಂದರ್ಥ, ಅಲ್ಲೇ ಕುಕ್ಕರಿಸಿ. ಫೋಟೋಕ್ಕೆಂದು ಚಪ್ಪಾಳೆ ತಟ್ಟಿ ಎಬ್ಬಿಸುವುದು ದೊಡ್ಡ ತಪ್ಪು. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿ ವಾಪಸು ಹೋಗಲು ಕೊಬ್ಬು ಕೂಡಿಡುವುದು ಈ ಕೆಸರಿನಲ್ಲೇ.

ಗುರುತಿಗೆ ಗರಿಯ ಬಣ್ಣ ಬಿಡಿ, ಚಳಿಗಾಲದಲ್ಲಿ ಎಲ್ಲವೂ ಬೂದು. ನಡೆ ನೋಡಿ: ಓಡಿ, ಗಕ್ಕನೆ ನಿಂತು, ಒಮ್ಮೆ ಕುಕ್ಕಿದರೆ ಪ್ಲವರ್, ನಡೆಯುತ್ತಲೇ ಕುಕ್ಕಿದರೆ ಗೊರವ. ಕಾಲು ಕೆಂಪು, ಹಾರಿದಾಗ ರೆಕ್ಕೆಯ ಹಿಂಬದಿಗೆ ಅಗಲ ಬಿಳಿ ಪಟ್ಟಿ ಇದ್ದರೆ ರೆಡ್‌ಶ್ಯಾಂಕ್. ಪಟ್ಟಿಯಿಲ್ಲದೆ ಬೆನ್ನಿನ ಮೇಲೆ ಬಿಳಿ ಬೆಣೆ ಕಂಡರೆ ಗ್ರೀನ್‌ಶ್ಯಾಂಕ್. ಕೆಳಗೆ ಬಾಗಿದ ಕೊಕ್ಕು ತಲೆಯ ಎರಡು ಪಟ್ಟಿದ್ದು ನೆತ್ತಿಯಲ್ಲಿ ಗೆರೆಗಳಿದ್ದರೆ ವಿಂಬ್ರೆಲ್, ಮೂರು ಪಟ್ಟಿದ್ದು ನೆತ್ತಿ ಬೋಳಾದರೆ ಕರ್ಲ್ಯೂ.

ಗುಂಪನ್ನು ಹತ್ತತ್ತಾಗಿ ಎಣಿಸಿ, ಅಲ್ಲೇ ಬರೆದಿಡಿ.

ಭರತ ತುಂಬಿದ ಮೇಲೆ ಗಜನಿ ಕಡೆ ಹೋಗುವುದಾದರೆ ಅದನ್ನು ನೋಡಿಕೊಳ್ಳುವವರನ್ನು ಕೇಳದೆ ಒಡ್ಡು ಹತ್ತಬೇಡಿ. ಒಳಗೆ ಅವರ ಮೀನು, ಸಿಗಡಿ ಇರುತ್ತದೆ. ಇಲ್ಲವಾದರೆ ತದಡಿಯಿಂದ ದೋಣಿ ಹತ್ತಿ ಆಚೆ ದಡದ ಅಘನಾಶಿನಿ ಊರಿಗೆ ದಾಟಿ, ಅಳಿವೆ ಬಾಯಿಯ ಮರಳಿನ ಮೇಲೆ ಗಲ್ (ಕಡಲಕ್ಕಿ), ರೀವಗಳು (ಟರ್ನ್) ಕೂತಿವೆಯೇ ನೋಡಿ.