ಮಂಗನ ಕಾಯಿಲೆಯಿಂದ ಶುರುಮಾಡಿ: ಮಕ್ಕಳಿಗೆ ಸೋಂಕು ರೋಗದ ಪಾಠ ಮಾಡೋದು ಹೇಗೆ

ಸಿದ್ದಾಪುರ, ಶಿರಸಿ ಕಡೆ ಮತ್ತೆ ಕೆಳಗೆ ಕರಾವಳಿಲಿ ವಿಜ್ಞಾನ ಕಲಿಸೋರಿಗೆಲ್ಲ ನನ್ನದೊಂದು ವಿನಂತಿ. ರೋಗದ ಪಾಠ ಬಂತು ಅಂದ್ಕೂಡ್ಲೆ ಬೋರ್ಡ್ ಮೇಲೆ ವೈರಸ್, ಬ್ಯಾಕ್ಟೀರಿಯಾ, ಫಂಗಸ್, ಪ್ರೊಟೊಜೋವಾ ಅಂತ ನಾಲ್ಕು ಕಾಲಂ ಗೆರೆ ಹೊಡೀಬೇಡಿ. ಮಕ್ಕಳು ಅದನ್ನ ಬಾಯಿಪಾಠ ಮಾಡ್ತಾರೆ, ಪರೀಕ್ಷೆಲಿ ಚೆಂದಾಗಿ ಬರೀತಾರೆ, ಆಮೇಲೆ ಜನವರಿಲಿ ಬರಿಗಾಲಲ್ಲಿ ಸೊಪ್ಪಿನಬೆಟ್ಟಕ್ಕೆ ದರಕು (ಉದುರಿದ ಒಣ ಎಲೆ) ಗುಡಿಸೋಕೆ ಹೋಗ್ತಾರೆ. ಪಾಠ ಶುರುವಾಗ್ಬೇಕಾದ್ದು ಅವರಿಗೆ ಗೊತ್ತಿರೋ ಜ್ವರದಿಂದ. ಘಟ್ಟದ ಮೇಲೆ ಮಂಗನ ಕಾಯಿಲೆ, ಗದ್ದೆ ಇದ್ದಲ್ಲಿ ಇಲಿಜ್ವರ, ಕಾರವಾರದಿಂದ ಭಟ್ಕಳದ ತನಕ ಮಳೆಗಾಲದ ಡೆಂಗಿ. ಈ ಮೂರನ್ನ ಸರಿಯಾಗಿ ಕಲಿಸಿ, ಉಳಿದ ಪಾಠ ಅದರ ಹಿಂದೆ ತಾನಾಗೇ ಬರ್ತದೆ.

ಒಂದು ಮಾತು ಮೊದಲೇ ಹೇಳ್ಬಿಡ್ತೇನೆ. "ನಿಮ್ಮನೇಲಿ ಯಾರಿಗೆ ಏನು ಕಾಯಿಲೆ ಬಂದಿತ್ತು" ಅಂತ ಕ್ಲಾಸಲ್ಲಿ ಎದ್ದು ನಿಲ್ಸಿ ಕೇಳ್ಬೇಡಿ. ಯಾರದೋ ಮನೇಲಿ ಟಿಬಿ ಇರ್ತದೆ, ಯಾರೋ ಮಂಗನ ಕಾಯಿಲೆಲಿ ಅಜ್ಜನ್ನ ಕಳ್ಕೊಂಡಿರ್ತಾರೆ. ಹೆಸರು ಹಾಕ್ದೆ ಚೀಟಿಲಿ ಬರೆದು ಡಬ್ಬಕ್ಕೆ ಹಾಕ್ಲಿ: ನಮ್ಮೂರಲ್ಲಿ ಯಾವ ಜ್ವರ ಬರ್ತದೆ, ಅದು ಹೇಗೆ ಬರ್ತದೆ ಅಂತ ನೀನು ಕೇಳಿದ್ದೀಯ. ಆ ಚೀಟಿಗಳೇ ನಿಮ್ಮ ಪಾಠದ ಪಟ್ಟಿ, ಯಾವ ತಪ್ಪು ಕಲ್ಪನೆ ಎಲ್ಲಿದೆ ಅಂತ ಅದರಲ್ಲೇ ಸಿಕ್ತದೆ.

ಮಂಗ ಕಚ್ಚಿದ್ರೆ ಮಂಗನ ಕಾಯಿಲೆ ಬರ್ತದೆ ಅಂತ ಬರೆದ ಚೀಟಿ ಖಂಡಿತ ಇರ್ತದೆ. ಅಲ್ಲಿಂದ್ಲೇ ಹಿಡ್ಕೊಳ್ಳಿ. 1957ರಲ್ಲಿ ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಲಾಗಿ ಸತ್ತಾಗ ಈ ವೈರಸ್ ಮೊದಲು ಪತ್ತೆ ಆಗಿದ್ದು, ಅದಕ್ಕೇ ಜಗತ್ತಿನ ವೈದ್ಯಕೀಯ ಪುಸ್ತಕದಲ್ಲೆಲ್ಲ ಇದಕ್ಕೆ ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅಂತ್ಲೇ ಹೆಸರು. ರೋಗ ಹೊತ್ಕೊಂಡು ಬರೋದು ಉಣುಗು, ಅಂದ್ರೆ ಮೈಗೆ ಕಚ್ಕೊಂಡು ರಕ್ತ ಹೀರೋ ಸಣ್ಣ ಜೀವಿ. ಕಪ್ಪು ಮುಖದ ಮುಸಿಯಾ, ಕೆಂಪು ಮುಖದ ಮಂಗ ಎರಡೂ ನಮ್ಮ ಹಾಗೇ ಈ ರೋಗಕ್ಕೆ ಬಲಿಯಾಗೋವು. ಮಂಗ ಸತ್ತ ಮೇಲೆ ಅದರ ಮೈಮೇಲಿದ್ದ ಉಣುಗು ಉದುರಿ ಅಲ್ಲೇ ದರಕಲ್ಲಿ ಸೇರ್ಕೊಳ್ತದೆ, ಹಾಗಾಗಿ ಸತ್ತ ಮಂಗ ಕಂಡ್ರೆ ಹತ್ರ ಹೋಗ್ದೆ ಆಶಾ ಕಾರ್ಯಕರ್ತೆಗೋ ಪಿಎಚ್‌ಸಿಗೋ ತಿಳಿಸ್ಬೇಕು. ಮರಿ ಉಣುಗು ಎಷ್ಟು ಸಣ್ಣದು ಅಂದ್ರೆ ಕಚ್ಚಿದ್ದೂ ಗೊತ್ತಾಗೋದಿಲ್ಲ. ಡಿಸೆಂಬರಿಂದ ಮೇ ತನಕ ಅದರ ಕಾಟ, ಸರಿಯಾಗಿ ನಾವು ದರಕು, ಸೌದೆ ಅಂತ ಬೆಟ್ಟಕ್ಕೆ ಹೋಗೋ ಹೊತ್ತು.

ಈಗ ಮಕ್ಕಳ ಕೈಲೇ ದೊಡ್ಡ ಹಾಳೆ ಮೇಲೆ ಊರಿನ ನಕ್ಷೆ ಬರೆಸಿ. ಮನೆ, ಕೊಟ್ಟಿಗೆ, ತೋಟ, ಬೆಟ್ಟ, ಹಳ್ಳ, ಶಾಲೆ, ಕರಾವಳಿ ಆದ್ರೆ ಬಂದರು, ಮೀನು ಮಾರ್ಕೆಟ್. ವೈರಸ್ ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ಕೆಂಪು ಪೆನ್ನಲ್ಲಿ ಬಾಣ ಹಾಕ್ಲಿ, ಆಮೇಲೆ ಎಲ್ಲಿ ಆ ಬಾಣ ಕಡಿಬಹುದು ಅಂತ ಅವರೇ ಹುಡುಕ್ಲಿ: ಬೆಟ್ಟಕ್ಕೆ ಹೋಗುವಾಗ ಮೈತುಂಬ ಬಟ್ಟೆ, ಉಣುಗು ಕಚ್ಚದ ಹಾಗೆ ಹಚ್ಕೊಳ್ಳೋಕೆ ಆರೋಗ್ಯ ಇಲಾಖೆಯವರು ಕೊಡೋ ಡೆಪಾ ಎಣ್ಣೆ, ಬಂದ್ಮೇಲೆ ಬಿಸಿನೀರು ಸೋಪಿನ ಸ್ನಾನ, ಬಟ್ಟೆ ಬಿಸಿನೀರಲ್ಲಿ ನೆನೆಸೋದು. ಮನುಷ್ಯರಿಂದ ಮನುಷ್ಯರಿಗೆ ಬಾಣ ಹಾಕಿದ್ರೆ ನಿಲ್ಸಿ ಕೇಳಿ, ಯಾಕಂದ್ರೆ ಮಂಗನ ಕಾಯಿಲೆ ಹಾಗೆ ಹರಡೋದಿಲ್ಲ. ರೋಗಿ ಮನೆಯವರನ್ನ ದೂರ ಇಡೋ ಕೆಟ್ಟ ಅಭ್ಯಾಸಕ್ಕೆ ಇದೇ ಉತ್ತರ, ಮಕ್ಕಳು ಅದನ್ನ ಮನೆಗೆ ತಗೊಂಡು ಹೋಗ್ತಾರೆ.

ಇಲಿಜ್ವರಕ್ಕೆ ಇದೇ ನಕ್ಷೆ ಮೇಲೆ ಬೇರೆ ಬಣ್ಣ. ಇಲಿ ಮೂತ್ರ ಗದ್ದೆ ನೀರಿಗೆ, ಅಲ್ಲಿಂದ ಕಾಲಿನ ಗಾಯಕ್ಕೆ. ಇದು ಬ್ಯಾಕ್ಟೀರಿಯಾ, ಬೇಗ ಗೊತ್ತಾದ್ರೆ ಆಂಟಿಬಯೋಟಿಕ್ ಕೆಲಸ ಮಾಡ್ತದೆ. ಮಂಗನ ಕಾಯಿಲೆ, ಡೆಂಗಿ ವೈರಸ್‌ದು, ಅದಕ್ಕೆ ಆಂಟಿಬಯೋಟಿಕ್ ಏನೂ ಮಾಡೋದಿಲ್ಲ. ವೈರಸ್ ಬೇರೆ ಬ್ಯಾಕ್ಟೀರಿಯಾ ಬೇರೆ ಅಂತ ಕಲಿಸೋಕೆ ಇಷ್ಟು ಸಾಕು, ಮೆಡಿಕಲ್ ಶಾಪಿಗೆ ಹೋಗಿ "ಜ್ವರಕ್ಕೆ ಒಂದು ಆಂಟಿಬಯೋಟಿಕ್ ಕೊಡಿ" ಅಂತ ಕೇಳೋ ದೊಡ್ಡವರಿಗೂ ಇದು ಗೊತ್ತಿರೋದಿಲ್ಲ.

ಡೆಂಗಿಗೆ ಸೊಳ್ಳೆಯ ಮರಿಹುಳು, ಅಂದ್ರೆ ಲಾರ್ವಾ ಹುಡುಕೋಕೆ ಕರ್ಕೊಂಡು ಹೋಗಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಕರಟ, ಬಂದರಲ್ಲಿ ಹಳೇ ಟಯರು, ಥರ್ಮಾಕೋಲ್ ಮೀನು ಪೆಟ್ಟಿಗೆ, ಎಲ್ಲಾದ್ರಲ್ಲೂ ಇರ್ತದೆ. ಪಾರದರ್ಶಕ ಬಾಟ್ಲಿಗೆ ಹಾಕಿ ತೆಳು ಬಟ್ಟೆ ಕಟ್ಟಿ ಇಟ್ರೆ ಹುಳು ಪ್ಯೂಪಾ (ಸೊಳ್ಳೆ ಆಗೋ ಮುಂಚಿನ ಹಂತ) ಆಗೋದನ್ನ ಕಣ್ಣಾರೆ ನೋಡಬಹುದು. ಸೊಳ್ಳೆ ಏಳೋ ಮೊದ್ಲೇ ನೀರನ್ನ ಒಣ ನೆಲಕ್ಕೆ ಚೆಲ್ಲಿ, ಚರಂಡಿಗೆ ಹಾಕ್ಬೇಡಿ. ಮೊಟ್ಟೆಯಿಂದ ಸೊಳ್ಳೆ ಆಗೋಕೆ ಸುಮಾರು 7ರಿಂದ 10 ದಿನ, ಅದಕ್ಕೇ ವಾರಕ್ಕೊಂದು ಸಲ ನೀರು ಚೆಲ್ಲಿ ಅಂತ ಹೇಳೋದು. ಕಾರಣ ಗೊತ್ತಾದ ಮಗು ಮನೇಲಿ ತಾನೇ ಡ್ರಮ್ ತೊಳೀತದೆ.

ಕೈ ತೊಳೆಯೋ ಪ್ರಯೋಗಕ್ಕೆ ತೆಂಗಿನೆಣ್ಣೆ ಅರಿಶಿನ ಕಲಸಿ ಕೈಗೆ ಹಚ್ಚಿ, ಅರ್ಧ ಕ್ಲಾಸು ಬರೀ ನೀರಲ್ಲಿ, ಅರ್ಧ ಕ್ಲಾಸು ಸೋಪಲ್ಲಿ 20 ಸೆಕೆಂಡು ತೊಳೀಲಿ, ಉಗುರಿನ ಸಂದಿ ನೋಡಿ. ತಟ್ಟೆ ನೀರಿಗೆ ಕಾಳುಮೆಣಸಿನ ಪುಡಿ ಉದುರಿಸಿ ಸೋಪಿನ ಬೆರಳು ಇಟ್ರೆ ಪುಡಿ ಓಡಿಹೋಗೋ ಪ್ರಯೋಗ ಇದೆಯಲ್ಲ, ಅದನ್ನ ಮಾತ್ರ ಬೇಡ. ಅದು ಮೇಲ್ಮೈ ಸೆಳೆತದ ಪಾಠ, ಸೋಪು ಕಂಡ್ರೆ ಕ್ರಿಮಿ ಹೆದರಿ ಓಡ್ತದೆ ಅಂತ ಮಕ್ಕಳು ತಿಳ್ಕೊಳ್ತಾರೆ. ಡೆಂಗಿ, ಕೊರೊನಾ ತರದ ವೈರಸ್ಸಿನ ಮೇಲೆ ಕೊಬ್ಬಿನ ಪದರ ಇರ್ತದೆ, ಸೋಪು ಅದನ್ನ ಒಡೀತದೆ. ಎಣ್ಣೆ ಅರಿಶಿನದ ಪ್ರಯೋಗ ಆ ನಿಜಕ್ಕೆ ಹತ್ರ ಇದೆ.

ಇನ್ನು ದೇಹ ಏನು ಮಾಡ್ತದೆ ಅನ್ನೋ ಭಾಗ. ಇಲ್ಲಿ ಎಲ್ಲರೂ ಸೈನಿಕರು, ಯುದ್ಧ ಅಂತ ಹೇಳ್ತೇವೆ, ಐದನೇ ಕ್ಲಾಸಿಗೆ ಅಡ್ಡಿಲ್ಲ. ಎಂಟು ಒಂಬತ್ತಕ್ಕೆ ಬಂದ್ಮೇಲೆ ಅದು ತೊಡಕೇ, ಸೈನ್ಯ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತಾಗಿ ಕೊನೆಗೆ ಇಮ್ಯುನಿಟಿ ಬೂಸ್ಟರ್ ಪ್ಯಾಕೆಟ್ಟಿಗೆ ಬಂದು ನಿಲ್ತದೆ. ಅಲರ್ಜಿ ಅಂದ್ರೆ ದೇಹ ಅಗತ್ಯ ಇಲ್ಲದ್ದಕ್ಕೆ ಮೈಮೇಲೆ ಬಿದ್ದಿದ್ದು, ಡೆಂಗಿ ಗಂಭೀರ ಆಗೋದ್ರಲ್ಲೂ ದೇಹದ ಪ್ರತಿಕ್ರಿಯೆದೇ ದೊಡ್ಡ ಪಾಲು. ಕಷಾಯ ಗಂಟಲಿಗೆ ಹಿತ, ಕುಡೀಲಿ, ಅದು ಆಂಟಿಬಾಡಿ (ರೋಗಾಣುಗೆ ಅಂಟ್ಕೊಳ್ಳೋಕೆ ದೇಹ ಮಾಡೋ ಪ್ರೋಟೀನು) ಮಾಡ್ತದೆ ಅಂತ ಮಾತ್ರ ಕಲಿಸ್ಬೇಡಿ. ಯುದ್ಧದ ಬದ್ಲು ಗುರುತು ಹಿಡಿಯೋದು, ನೆನಪಿಡೋದು ಈ ಎರಡನ್ನ ಮುಂದೆ ಇಡಿ.

ಶುರು ಅವರ ಮೈಯಿಂದ್ಲೇ ಆಗ್ಲಿ. ಮಂಡಿ ತರಚಿದಾಗ ಕೆಂಪಗೆ ಬಿಸಿ ಆಗಿತ್ತಲ್ಲ, ಅಲ್ಲಿಗೆ ರಕ್ತ ಜಾಸ್ತಿ ಬಂದು ಬಿಳಿ ರಕ್ತಕಣ ಇಳಿದಿದ್ದು. ಕೀವು ಅಂದ್ರೆ ಕೆಲಸ ಮುಗಿಸಿ ಸತ್ತ ಬಿಳಿ ಕಣ, ಸತ್ತ ಬ್ಯಾಕ್ಟೀರಿಯಾ. ಕಾಲಿಗೆ ಗಾಯ ಆದಾಗ ತೊಡೆಸಂದಿಲಿ ಗಂಟು ಬರೋದು ದುಗ್ಧಗ್ರಂಥಿ ಊದಿಕೊಂಡು, ಅಲ್ಲೇ ರೋಗಾಣು ಗುರುತು ಹಿಡಿಯೋ ಕೆಲಸ ನಡೆಯೋದು. ಜ್ವರ ಕೂಡ ದೇಹವೇ ಬೇಕಂತ ಬಿಸಿ ಏರಿಸ್ಕೊಂಡಿದ್ದು. ಹೆಸರು ಅಳಿಸಿದ ಹಳೇ ರಕ್ತಪರೀಕ್ಷೆ ರಿಪೋರ್ಟ್ ಒಂದೆರಡು ತಂದು ಓದಿಸಿ, ಬಿಳಿ ಕಣ 4,000ದಿಂದ 11,000, ಪ್ಲೇಟ್ಲೆಟ್ 1.5 ಲಕ್ಷದಿಂದ 4.5 ಲಕ್ಷ ಅಂತ ಪಕ್ಕದಲ್ಲೇ ಬರೆದಿರ್ತದೆ. ನಾಳೆ ಅಮ್ಮನಿಗೆ ಜ್ವರ ಬಂದಾಗ ಆ ಕಾಗದ ಓದೋದು ಈ ಮಗುವೇ.

ಆಂಟಿಬಾಡಿಗೆ ಹಳೇ ಲಗ್ನಪತ್ರಿಕೆ ರಟ್ಟು ಸಾಕು. ರೋಗಾಣು ಚೀಟಿಗೆ ಒಂದೊಂದು ಆಕಾರದ ಅಂಚು ಕತ್ತರಿಸಿ, ಆಂಟಿಬಾಡಿ ಚೀಟಿಗೆ ಹೊಂದೋ ಅಂಚು. ಒಂದು ಗುಂಪು ಮೊದಲ ಸಲ ರಾಶಿಯಿಂದ ಹುಡುಕಿ ಜೋಡಿಸ್ಲಿ, ಎಷ್ಟು ಹೊತ್ತು ಅಂತ ಬರ್ಕೊಳ್ಳಿ, ಸಿಕ್ಕಿದ್ದನ್ನ ಬದಿಗಿಟ್ಟು ಅದೇ ರೋಗಾಣು ಮತ್ತೆ ಕೊಡಿ. ಎರಡನೇ ಸಲ ಕ್ಷಣದಲ್ಲಿ ಆಗ್ತದೆ. ಮೊದಲ ಸೋಂಕಿಗೆ ಆಂಟಿಬಾಡಿ ಸರಿಯಾಗಿ ಆಗೋಕೆ ಒಂದೆರಡು ವಾರ ಬೇಕು, ಆ ರೋಗಾಣು ನೆನಪಿಟ್ಕೊಂಡ ಮೆಮೊರಿ ಕೋಶ ಇದ್ರೆ ಕೆಲವೇ ದಿನ. ಆಮೇಲೆ ಡೆಂಗಿ ಅಂತ ಅಂಚು ಸ್ವಲ್ಪ ಸ್ವಲ್ಪ ಬೇರೆ ಇರೋ ನಾಲ್ಕು ಚೀಟಿ ಮಾಡಿ, ಡೆಂಗಿ ವೈರಸ್ಸಲ್ಲಿ ನಾಲ್ಕು ವಿಧ ಇದೆ. ಒಂದಕ್ಕೆ ಮಾಡಿದ ಆಂಟಿಬಾಡಿ ಇನ್ನೊಂದಕ್ಕೆ ಅರ್ಧಂಬರ್ಧ ಅಂಟ್ಕೊಳ್ತದೆ, ತಡೆಯೋದಿಲ್ಲ, ಉಲ್ಟಾ ವೈರಸ್ ಕೋಶದೊಳಗೆ ಹೋಗೋಕೆ ಸಹಾಯ ಆಗ್ಬಹುದು. ಎರಡನೇ ಸಲದ ಡೆಂಗಿ ಯಾಕೆ ಹೆಚ್ಚು ಅಪಾಯ ಅಂತ ಕಾಲೇಜು ಪುಸ್ತಕದ ವಿಷ್ಯ ಎಂಟನೇ ಕ್ಲಾಸಿನ ಮಗು ರಟ್ಟು ಹಿಡಿದು ಹೇಳ್ತದೆ.

ಲಸಿಕೆಗೆ ಎಡತೋಳು ನೋಡ್ಕೊಳ್ಳೋಕೆ ಹೇಳಿ, ತುಂಬ ಜನಕ್ಕೆ ಬಿಸಿಜಿ (ಟಿಬಿ ಲಸಿಕೆ) ಕಲೆ ಇರ್ತದೆ, ಕಲೆ ಇಲ್ಲದಿದ್ರೂ ಚಿಂತೆ ಇಲ್ಲ. ಅಜ್ಜಿ ತೋಳಲ್ಲಿ ಸಿಡುಬಿನ ದಾಕು ಹಾಕಿಸ್ಕೊಂಡ ಗುರುತು ಇದ್ರೆ ಅವರ ಹತ್ರ ಕೂತು ಆ ಕಾಲದ ಕತೆ ಬರ್ಕೊಂಡು ಬರ್ಲಿ. ಸಿಡುಬು ಜಗತ್ತಿಂದ್ಲೇ ಹೋಯ್ತು ಅಂತ 1980ರಲ್ಲಿ ಘೋಷಣೆ ಆಯ್ತು, ಭಾರತ 2014ರಲ್ಲಿ ಪೋಲಿಯೋಮುಕ್ತ ಆಯ್ತು. ಅಜ್ಜಿ ಅಮ್ಮನವರ ಹೆಸರು ಹೇಳಿದ್ರೆ ಗೌರವದಿಂದ ಕೇಳ್ಕೊಳ್ಳಿ. ಲಸಿಕೆ ಯಾಕೆ ಮೊದ್ಲೇ ಅನ್ನೋದಕ್ಕೆ ತೋಟದ ಮಕ್ಕಳಿಗೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ ನೆನಪಿಸಿ, ಮಳೆ ಹಿಡಿಯೋ ಮೊದ್ಲೇ ಹೊಡೀಬೇಕು, ಅಡಿಕೆ ಉದುರೋಕೆ ಶುರುವಾದ್ಮೇಲೆ ಹೊಡೆದು ಪ್ರಯೋಜನ ಕಮ್ಮಿ. ವ್ಯತ್ಯಾಸನೂ ಹೇಳಿ, ಬೋರ್ಡೋ ಅಡಿಕೆ ಗೊನೆಯ ಹೊರಗೆ ಕೂರ್ತದೆ, ಲಸಿಕೆ ದೇಹಕ್ಕೇ ಕಲಿಸ್ತದೆ. ಮಂಗನ ಕಾಯಿಲೆಗೂ ದಶಕಗಟ್ಟಲೆ ಲಸಿಕೆ ಕೊಡ್ತಿದ್ರು, ಅದರ ಪರಿಣಾಮ ಸಾಕಾಗ್ತಿಲ್ಲ ಅಂತ ನಿಲ್ಲಿಸಿ ಹೊಸದಕ್ಕೆ ಕೆಲಸ ನಡೀತಿದೆ. ಇದನ್ನ ಮುಚ್ಚಿಡಬೇಡಿ, ವಿಜ್ಞಾನ ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಳ್ತದೆ ಅಂತ ಮಕ್ಕಳು ನೋಡ್ಬೇಕು.

ಪರೀಕ್ಷೆಗೆ ವ್ಯಾಖ್ಯೆ ಕೇಳೋದು ಬಿಟ್ಟು ಇಂಥದ್ದು ಕೊಡಿ: ಫೆಬ್ರವರಿಲಿ ಬೆಟ್ಟಕ್ಕೆ ಹೋಗಿ ಬಂದವನಿಗೆ ಐದನೇ ದಿನ ಜೋರು ಜ್ವರ, ತಲೆನೋವು, ಮೈಕೈ ನೋವು. ಯಾವ್ಯಾವ ರೋಗ ಇರಬಹುದು, ಡಾಕ್ಟ್ರಿಗೆ ಮೊದಲು ಏನು ಹೇಳ್ಬೇಕು, ಮನೆಯವರು ಅವನ ಪಕ್ಕ ಕೂರಬಹುದಾ, ಉಳಿದಿದ್ದ ಆಂಟಿಬಯೋಟಿಕ್ ಕೊಡಬಹುದಾ, ಒಂದೊಂದಕ್ಕೂ ಯಾಕೆ ಅಂತ ಬರೀಲಿ. ಬೆಟ್ಟಕ್ಕೆ ಹೋಗಿದ್ದೆ ಅಂತ ಡಾಕ್ಟ್ರಿಗೆ ಹೇಳ್ಬೇಕು ಅನ್ನೋ ಸಾಲಿಗೆ ನಾನಾದ್ರೆ ಒಟ್ಟು ಮಾರ್ಕಲ್ಲಿ ಅರ್ಧ ಕೊಡ್ತೇನೆ.