ಹೊಸ ಬೋರ್ಡಿಗೆ ಮೊದಲ ಸಲ ಪವರ್ ಕೊಡುವ ಮುನ್ನ

ಹೊಸ ಪಿಸಿಬಿ ಕೈಗೆ ಬಂದ ದಿನ ಎಲ್ಲ ಬಿಡಿಭಾಗಗಳನ್ನೂ ಬೆಸೆದು, ಅಡಾಪ್ಟರ್ ಚುಚ್ಚಿ ನೋಡೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ಹಾಗೆ ಮಾಡಿದ ಬೋರ್ಡು ಸುಮ್ಮನೆ ಕೂತರೆ ತಪ್ಪನ್ನು ಎಲ್ಲಿಂದ ಹುಡುಕಬೇಕೆಂಬುದೇ ತಿಳಿಯುವುದಿಲ್ಲ. 12 ವೋಲ್ಟನ್ನು ಎಲ್‌ಎಂ2596 ಎಂಬ ಸ್ವಿಚಿಂಗ್ ರೆಗ್ಯುಲೇಟರ್ ಐದಕ್ಕೆ ಇಳಿಸಿ, ಅದನ್ನು ಎಎಂಎಸ್1117 ಎಂಬ ಲೀನಿಯರ್ ರೆಗ್ಯುಲೇಟರ್ 3.3 ವೋಲ್ಟ್ ಮಾಡಿ ಎಸ್‌ಟಿಎಂ32ಎಫ್103 ಮೈಕ್ರೋಕಂಟ್ರೋಲರಿಗೆ ಕೊಡುವ ಬೋರ್ಡನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲು ಖಾಲಿ ಬೋರ್ಡನ್ನೇ ಅಳೆಯಿರಿ. 12, 5, 3.3 ವೋಲ್ಟಿನ ಪ್ರತಿ ಲೈನಿಗೂ ಗ್ರೌಂಡಿಗೂ ನಡುವೆ ಮೀಟರ್ ಯಾವ ಸಂಪರ್ಕವನ್ನೂ ತೋರಿಸಬಾರದು. ಇಲ್ಲೇ ಶಾರ್ಟ್ ಸಿಕ್ಕರೆ ತಪ್ಪು ಲೇಔಟಿನದು ಅಥವಾ ತಯಾರಿಕೆಯದು. ಬೆಸುಗೆಯ ಮಾತೇ ಇಲ್ಲ.

ಆಮೇಲೆ ಪವರ್ ಭಾಗವನ್ನಷ್ಟೇ ಬೆಸೆಯಿರಿ. ಅಲ್ಯೂಮಿನಿಯಂ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಪಟ್ಟಿ ಮೈನಸ್ ಕಡೆಯದು, ಟ್ಯಾಂಟಲಂನ ಪಟ್ಟಿ ಪ್ಲಸ್ ಕಡೆಯದು. ಈ ಅದಲುಬದಲು ತುಂಬ ನಡೆಯುತ್ತದೆ. ತಿರುಗಿಸಿ ಹಾಕಿದ ಟ್ಯಾಂಟಲಂ ಹೊತ್ತಿಕೊಂಡು ಸಿಡಿಯಬಹುದು, ಕನ್ನಡಕ ಹಾಕಿಕೊಳ್ಳಿ. ಎಎಂಎಸ್1117ರ ಅಗಲದ ಟ್ಯಾಬ್ ಗ್ರೌಂಡ್ ಅಲ್ಲ, ಔಟ್‌ಪುಟ್. ಶಾಖ ಇಳಿಯಲೆಂದು ಅದರಡಿ ಗ್ರೌಂಡ್ ತಾಮ್ರ ಹರಡಿದ್ದರೆ, ಬೆಸೆದ ಕೂಡಲೇ 3.3 ವೋಲ್ಟ್ ಶಾರ್ಟ್ ಆಗುತ್ತದೆ. ಎಲ್‌ಎಂ2596ರ ಟ್ಯಾಬ್ ಮಾತ್ರ ಗ್ರೌಂಡೇ.

ಬೆಸೆದಾದ ಮೇಲೆ ಮತ್ತೊಮ್ಮೆ ಅಳೆಯಿರಿ, ಬೀಪ್ ಬಿಟ್ಟು ಓಮ್ ರೇಂಜಿನಲ್ಲಿ. ಎಷ್ಟೋ ಮೀಟರುಗಳು ಕೆಲವು ಹತ್ತು ಓಮ್ ಇದ್ದರೂ ಬೀಪ್ ಅನ್ನುತ್ತವೆ. ಓಮ್ ನಿಧಾನಕ್ಕೆ ಏರುತ್ತಿದ್ದರೆ ಕೆಪಾಸಿಟರ್ ತುಂಬುತ್ತಿದೆ ಎಂದರ್ಥ. ಒಂದೆರಡು ಓಮಿನಲ್ಲಿ ನಿಂತುಬಿಟ್ಟರೆ ಶಾರ್ಟ್.

ಬೆಂಚ್ ಸಪ್ಲೈಯನ್ನು 12 ವೋಲ್ಟಿಗೆ, ಕರೆಂಟ್ ಲಿಮಿಟನ್ನು 100 ಮಿಲಿಆಂಪಿಗೆ ಇಟ್ಟು ಆನ್ ಮಾಡಿ. ಕೆಪಾಸಿಟರ್ ತುಂಬುವಾಗ ಲಿಮಿಟ್ ದೀಪ ಒಮ್ಮೆ ಮಿನುಗಿ ಆರುವುದು ಸಹಜ. ಆರದೇ ಉಳಿದರೆ ತಕ್ಷಣ ಆಫ್ ಮಾಡಿ. ಲೋಡ್ ಇಲ್ಲದ ಈ ಪವರ್ ಭಾಗ ಸುಮಾರು 10 ಮಿಲಿಆಂಪ್ ಎಳೆಯಬೇಕು. ಆಮೇಲೆ ಲಿಮಿಟನ್ನು 400ಕ್ಕೆ ಏರಿಸಿ, 5 ವೋಲ್ಟಿಗೆ 10 ಓಮ್, 5 ವ್ಯಾಟಿನ ರೆಸಿಸ್ಟರ್ ಜೋಡಿಸಿ. 5 ವೋಲ್ಟಿನಲ್ಲಿ ಅರ್ಧ ಆಂಪ್ ಎಳೆದರೂ (12 ವೋಲ್ಟಿನ ಕಡೆ ಇದು 400 ಮಿಲಿಆಂಪಿಗಿಂತ ಕಡಿಮೆಯೇ) ವೋಲ್ಟೇಜ್ ಕುಸಿಯಬಾರದು. ರೆಸಿಸ್ಟರ್ ಸುಡುವಷ್ಟು ಬಿಸಿಯಾಗುತ್ತದೆ, ಮುಟ್ಟಬೇಡಿ.

ಈ ಲೋಡ್ ಇರುವಾಗಲೇ ಆಸಿಲೋಸ್ಕೋಪಿನಲ್ಲಿ ರಿಪಲ್ (ವೋಲ್ಟೇಜಿನ ಸಣ್ಣ ಏರಿಳಿತ) ನೋಡಿ: ಎಸಿ ಕಪ್ಲಿಂಗ್, 20 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ ಲಿಮಿಟ್, ಪ್ರೋಬಿನ ಉದ್ದ ಗ್ರೌಂಡ್ ವೈರಿನ ಬದಲು ಪುಟ್ಟ ಸ್ಪ್ರಿಂಗ್. ಉದ್ದ ವೈರ್ ಆಂಟೆನಾದಂತೆ ವರ್ತಿಸಿ, ಬೋರ್ಡಿನಲ್ಲಿಲ್ಲದ ಮುಳ್ಳುಗಳನ್ನು ತೋರಿಸುತ್ತದೆ. ಸ್ವಿಚಿಂಗ್ 150 ಕಿಲೋಹರ್ಟ್ಸ್ ಸುತ್ತ ಇರಬೇಕು. 50ರ ಹತ್ತಿರ ಕಂಡರೆ ಚಿಪ್ ನಕಲಿ ಇರುವ ಸಾಧ್ಯತೆ ಹೆಚ್ಚು. 150ಕ್ಕೆಂದು ಆರಿಸಿದ ಇಂಡಕ್ಟರ್ ಅಲ್ಲಿ ಸಾಲದೆ ರಿಪಲ್ ಕರೆಂಟ್ ಸುಮಾರು ಮೂರು ಪಟ್ಟಾಗುತ್ತದೆ.

3.3 ವೋಲ್ಟ್ ನಡುಗುತ್ತಿದ್ದರೆ ಎಎಂಎಸ್1117ರ ಔಟ್‌ಪುಟ್ ಕೆಪಾಸಿಟರ್ ನೋಡಿ. ಅದರ ಡೇಟಾಶೀಟ್ ಕೇಳುವುದು 22 ಮೈಕ್ರೋಫ್ಯಾರಡ್ ಟ್ಯಾಂಟಲಂ. ಬರೀ ಸೆರಾಮಿಕ್ ಹಾಕಿದರೆ ಒಳರೋಧ ಕಡಿಮೆಯಾಗಿ ರೆಗ್ಯುಲೇಟರ್ ಆಸಿಲೇಟ್ ಆಗಬಹುದು.

ಈಗ ಮೈಕ್ರೋಕಂಟ್ರೋಲರ್. ಪ್ರತಿ ವಿಡಿಡಿ (ಪವರ್) ಪಿನ್ನಿಗೂ 100 ನ್ಯಾನೋಫ್ಯಾರಡ್ ಕೆಪಾಸಿಟರ್, ಚಿಪ್ ಎಲ್ಲಿಂದ ಶುರುವಾಗಬೇಕೆಂದು ಹೇಳುವ ಬೂಟ್0 ಪಿನ್ನಿನಿಂದ ಗ್ರೌಂಡಿಗೆ 10 ಕಿಲೋಓಮ್ ರೆಸಿಸ್ಟರ್. ಅನಲಾಗ್ ಭಾಗಕ್ಕೆ ಪವರ್ ಕೊಡುವ ವಿಡಿಡಿಎ ಪಿನ್ನನ್ನು ಖಾಲಿ ಬಿಡಬೇಡಿ. ಚಿಪ್ಪಿಗೆ ಪ್ರೋಗ್ರಾಮ್ ತುಂಬುವ ಪ್ರೋಗ್ರಾಮರ್ ಸಾಧನದ ಎಸ್‌ಡಬ್ಲ್ಯೂಡಿಐಒ (ಡೇಟಾ ವೈರ್) ಪಿಎ13 ಪಿನ್ನಿಗೆ, ಕ್ಲಾಕ್ ಪಿಎ14ಕ್ಕೆ. ಸಂಪರ್ಕ ಸಿಗದಿದ್ದರೆ ಮೊದಲು ರೀಸೆಟ್ ಪಿನ್ನಿನಲ್ಲಿ 3.3 ವೋಲ್ಟ್ ಇದೆಯೇ ನೋಡಿ, ಆಮೇಲೆ ಪ್ರೋಗ್ರಾಮರಿನ ವೇಗ ಇಳಿಸಿ, ಕೊನೆಗೆ ರೀಸೆಟ್ ಒತ್ತಿ ಹಿಡಿದೇ ಕನೆಕ್ಟ್ ಮಾಡಿ. ಮೊದಲ ಪ್ರೋಗ್ರಾಮ್ ಒಳಗಿನ 8 ಮೆಗಾಹರ್ಟ್ಸ್ ಆಸಿಲೇಟರಿನಲ್ಲೇ ಓಡಲಿ. ಕ್ರಿಸ್ಟಲ್ ಸರದಿ ಆಮೇಲೆ. ಕ್ರಿಸ್ಟಲ್ ಪಿನ್ನಿಗೆ ಪ್ರೋಬ್ ಇಟ್ಟರೆ ಅದರ ಕೆಪಾಸಿಟೆನ್ಸಿಗೇ ಆಸಿಲೇಶನ್ ನಿಂತುಹೋಗಬಹುದು. ಕ್ಲಾಕನ್ನು ಪಿಎ8ಕ್ಕೆ ಹೊರತಂದು ಅಲ್ಲಿ ಅಳೆಯಿರಿ.

ಚಿಪ್ ಬೆಸೆದ ಮೇಲೆ 3.3 ವೋಲ್ಟ್ ಶಾರ್ಟ್ ಆದರೆ ಕಣ್ಣಳತೆಯಲ್ಲಿ ಬಿಡಿಭಾಗ ಕೀಳಲು ಹೋಗಬೇಡಿ. 12 ವೋಲ್ಟ್ ತೆಗೆದು, ಸಪ್ಲೈಯನ್ನು 1 ವೋಲ್ಟ್, 1 ಆಂಪ್ ಲಿಮಿಟಿಗೆ ಇಟ್ಟು ನೇರ 3.3 ಲೈನಿಗೆ ಕೊಡಿ. ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ತೆಳ್ಳಗೆ ಸವರಿ. ಕಿಟಕಿ ತೆರೆದಿರಲಿ, ಬಿಸಿ ಸೋಲ್ಡರಿಂಗ್ ಐರನ್ ದೂರವಿರಲಿ. ಮೊದಲು ಒಣಗುವ ಜಾಗದಲ್ಲೇ ಶಾರ್ಟ್ ಇರುತ್ತದೆ. ಬಿಸಿ ಗೊತ್ತಾಗದಿದ್ದರೆ ಮೀಟರನ್ನು ಮಿಲಿವೋಲ್ಟ್ ರೇಂಜಿಗೆ ಹಾಕಿ, ಕಪ್ಪು ಪ್ರೋಬನ್ನು ಸಪ್ಲೈಯ ಗ್ರೌಂಡಿನಲ್ಲೇ ಇಟ್ಟು 3.3 ಲೈನಿನುದ್ದಕ್ಕೂ ಕೆಂಪು ಪ್ರೋಬ್ ಸರಿಸಿ: ಓದು ಎಲ್ಲಿ ಅತಿ ಕಡಿಮೆಯೋ ಶಾರ್ಟ್ ಅಲ್ಲೇ ಹತ್ತಿರ. ಹೆಚ್ಚಾಗಿ ಸಿಗುವುದು ಚಿಪ್ಪಿನ ಅರ್ಧ ಮಿಲಿಮೀಟರ್ ಅಂತರದ ಕಾಲುಗಳ ನಡುವಿನ ಸೋಲ್ಡರ್ ಸೇತುವೆ, ಇಲ್ಲವೇ ಬಿರುಕುಬಿಟ್ಟ ಸೆರಾಮಿಕ್ ಕೆಪಾಸಿಟರ್. ಸೇತುವೆಗೆ ಫ್ಲಕ್ಸ್ ಹಚ್ಚಿ ಶುಭ್ರವಾದ ಐರನ್ ತುದಿಯನ್ನು ಎಳೆದರೆ ಸಾಕು. ಬಿರುಕಿನ ಕೆಪಾಸಿಟರನ್ನು ಬದಲಿಸಲೇಬೇಕು.